ನಾಡಿಮಿಡಿತವೂ ಉಷ್ಣವ್ಯಯದ ಲೆಕ್ಕವೂ

ಕನ್ನಡದಲ್ಲಿ ‘ಮಿಡಿ’ ಎಂಬ ಧಾತುವಿಗೆ ಅರ್ಥಗಳು ಹಲವು. ಕೈಯ ನಾಡಿ ಮಿಡಿಯುತ್ತದೆ. ವೈಣಿಕನ ಬೆರಳು ತಂತಿಯನ್ನು ಮಿಡಿಯುತ್ತದೆ. ಪರರ ದುಃಖವನ್ನು ಕಂಡಾಗ ಮನ ಮಿಡಿಯುತ್ತದೆ. ಕಣ್ಣು ಕಂಬನಿ ಮಿಡಿಯುತ್ತದೆ. ಶರೀರದ ವ್ಯಾಪಾರಕ್ಕೂ ಮನಸ್ಸಿನ ವ್ಯಾಪಾರಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ಹೃದಯವು ದುಡಿಮೆಗೂ ಮಿಡಿಯುತ್ತದೆ, ದುಗುಡಕ್ಕೂ ಮಿಡಿಯುತ್ತದೆ ಎಂಬ ತಿಳಿವು ಆ ಪ್ರಯೋಗದಲ್ಲಿ ಅಡಗಿದೆ. ಇಷ್ಟನ್ನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು, ಒಂದು ಸಣ್ಣ ಯಂತ್ರದ ಮುಂದೆ ಅದನ್ನೇ ಮರೆತೆ. ಆ ಮರೆವಿನಿಂದ ಕಲಿತ ಪಾಠವನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಭಾಷಾಪಂಡಿತನಿಗೆ ಶರೀರಶಾಸ್ತ್ರದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಿದರೆ, ಕಂಡದ್ದು ಯಾವುದು, ಕಂಡದ್ದರಿಂದ ಊಹಿಸಿದ್ದು ಯಾವುದು ಎಂದು ವಿಂಗಡಿಸುವುದು ಎಲ್ಲ ಶಾಸ್ತ್ರಗಳಿಗೂ ಸಮಾನವಾದ ಕೆಲಸವೆಂದು ಉತ್ತರ ಹೇಳುತ್ತೇನೆ.

ಪ್ರಸಂಗ

ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದೂ, ದಿನವೂ ಮುಕ್ಕಾಲು ಗಂಟೆ ನಡೆದು ಮೈಭಾರವನ್ನು ಇಳಿಸಬೇಕೆಂದೂ ವೈದ್ಯರು ನನಗೆ ಹೇಳಿದರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಒಂದು ಹಾರ್ಟ್ ರೇಟ್ ಮಾನಿಟರನ್ನು, ಎಂದರೆ ಹೃದಯಸ್ಪಂದನ ಮಾಪಕವನ್ನು ತಂದುಕೊಟ್ಟಳು. ಅದರಲ್ಲಿ ಎರಡು ಭಾಗಗಳು: ಎದೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಗಡಿಯಾರ. ನಡಿಗೆಯ ಆರಂಭದಲ್ಲಿ ಗುಂಡಿಯನ್ನೊತ್ತಿದರೆ ಹೃದಯವು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ, ಈವರೆಗೆ ಎಷ್ಟು ಕ್ಯಾಲೊರಿ ಉಷ್ಣ ವ್ಯಯವಾಯಿತು ಎಂಬ ಎರಡು ಸಂಖ್ಯೆಗಳು ಗಡಿಯಾರದ ಮೇಲೆ ಮೂಡುತ್ತವೆ.

ಮುಕ್ಕಾಲು ಗಂಟೆಯ ನಡಿಗೆಗೆ ಅದು ಸುಮಾರು 340 ಕ್ಯಾಲೊರಿ ಎಂದು ತೋರಿಸುತ್ತಿತ್ತು. ಇಷ್ಟು ಖರ್ಚಾಯಿತಲ್ಲ ಎಂಬ ಧೈರ್ಯದಿಂದ ರಾತ್ರಿಯ ಊಟಕ್ಕೆ ಒಂದು ರೊಟ್ಟಿಯನ್ನೋ, ಹಬ್ಬದ ಮರುದಿನವಾದರೆ ಒಂದು ಹೋಳಿಗೆಯನ್ನೋ ಹೆಚ್ಚಾಗಿ ಬಡಿಸಿಕೊಳ್ಳುತ್ತಿದ್ದೆ. ಮೂರು ತಿಂಗಳಾದ ಮೇಲೆ ತೂಕ ನೋಡಿಸಿದಾಗ ಅದು ಇಳಿಯುವ ಬದಲು ಒಂದು ಕಿಲೋ ಏರಿತ್ತು.

ಕಾರಣ ತಿಳಿದದ್ದು ಬೇರೊಂದು ಸಂದರ್ಭದಲ್ಲಿ. ಒಂದು ಸಂಜೆ ನಡಿಗೆಗೆ ಹೊರಟು ಹತ್ತು ನಿಮಿಷವಾಗಿತ್ತು. ನಮ್ಮ ಹಿರಿಯಣ್ಣನವರು ಎದೆನೋವಿನಿಂದ ಕುಸಿದರೆಂದು ದೂರವಾಣಿಯಲ್ಲಿ ಸುದ್ದಿ ಬಂದಿತು. ಹಾದಿಯಲ್ಲೇ ಆಟೋ ಹಿಡಿದು ಆಸ್ಪತ್ರೆಗೆ ಧಾವಿಸಿದೆ. ಒಳಗೆ ಚಿಕಿತ್ಸೆ ನಡೆಯುತ್ತಿದ್ದ ಎಪ್ಪತ್ತು ನಿಮಿಷಗಳ ಕಾಲ ಹೊರಗಿನ ಬೆಂಚಿನ ಮೇಲೆ ಕದಲದೆ ಕುಳಿತಿದ್ದೆ. ಅಪಾಯವಿಲ್ಲವೆಂದು ವೈದ್ಯರು ಹೊರಬಂದು ಹೇಳಿದ ಮೇಲೆಯೇ ಎದೆಯ ಪಟ್ಟಿಯ ನೆನಪಾಗಿ ಗಡಿಯಾರವನ್ನು ನೋಡಿದ್ದು. ಅದು ಇನ್ನೂ ನಡಿಗೆಯ ಲೆಕ್ಕವನ್ನೇ ಬರೆಯುತ್ತಿತ್ತು. 510 ಕ್ಯಾಲೊರಿ ವ್ಯಯವಾಗಿದೆ ಎಂದಿತು. ನಡೆದದ್ದು ಹತ್ತೇ ನಿಮಿಷ! ಅಣ್ಣನ ಪ್ರಾಣಕ್ಕಾಗಿ ನಡುಗಿದ ನನ್ನ ಎದೆಬಡಿತವನ್ನು ಯಂತ್ರವು ವ್ಯಾಯಾಮವೆಂದು ಬಗೆದು ಜಮೆ ಮಾಡಿತ್ತು. ಅಂದು ರಾತ್ರಿ ಅಣ್ಣ ಚೇತರಿಸಿಕೊಂಡ ಸಮಾಧಾನದಲ್ಲಿ ಮಲಗಿದಾಗ, ಈ ಸಂಖ್ಯೆ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯದೆ ಇನ್ನು ಮುಂದೆ ಇದನ್ನು ನಂಬಬಾರದೆಂದು ನಿಶ್ಚಯಿಸಿಕೊಂಡೆ.

ಇಬ್ಬರು ಪೂರ್ವಸೂರಿಗಳು

ನಾಡಿಯನ್ನು ಹಿಡಿದು ದೇಹಸ್ಥಿತಿಯನ್ನು ಅರಿಯುವ ಕಲೆ ನಮ್ಮಲ್ಲಿ ಹೊಸದೇನಲ್ಲ. ಶಾರ್ಙ್ಗಧರ ಸಂಹಿತೆಯಲ್ಲಿ ಅಂಗುಷ್ಠಮೂಲದ ನಾಡಿಯ ಪರೀಕ್ಷೆ ಹೇಳಲ್ಪಟ್ಟಿದೆ. ಕಾಮಕ್ರೋಧಗಳಲ್ಲಿ ನಾಡಿ ವೇಗಗೊಳ್ಳುವುದೆಂದೂ, ಚಿಂತೆ ಭಯಗಳಲ್ಲಿ ಕ್ಷೀಣವಾಗುವುದೆಂದೂ ಆ ಗ್ರಂಥಕಾರನು ಬೇರ್ಪಡಿಸಿ ಹೇಳುತ್ತಾನೆ. ಹಳೆಯ ವೈದ್ಯನು ನಾಡಿಯ ವೇಗವನ್ನೂ ಬಲವನ್ನೂ ಗತಿಯನ್ನೂ ಒಟ್ಟಿಗೆ ಗ್ರಹಿಸುತ್ತಿದ್ದನು. ಇಂದಿನ ಮಾಪಕವು ಹಿಡಿಯುವುದು ಮುಖ್ಯವಾಗಿ ಮಿಡಿತಗಳ ಎಣಿಕೆಯನ್ನು.

ಎಣಿಕೆಗೆ ಉಪಕರಣವನ್ನು ನಿರ್ಮಿಸಿದವರಲ್ಲಿ ಮೊದಲಿಗನಾಗಿ ಸ್ಮರಿಸಬೇಕಾದವನು ಇಟಲಿಯ ಪಡುವಾದಲ್ಲಿ ವೈದ್ಯಾಚಾರ್ಯನಾಗಿದ್ದ ಸಾಂಟೋರಿಯೊ (1561–1636). ದಾರಕ್ಕೆ ಕಟ್ಟಿದ ಗುಂಡನ್ನು ತೂಗಬಿಟ್ಟು, ಅದರ ತೂಗಾಟವು ರೋಗಿಯ ನಾಡಿಯೊಡನೆ ಹೊಂದುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡಿ, ಆ ದಾರದ ಅಳತೆಯಿಂದ ನಾಡಿಯ ವೇಗವನ್ನು ಗುರುತಿಸುತ್ತಿದ್ದನು. ಇದೇ ಮಹನೀಯನು ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು, ತಾನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ, ಕಣ್ಣಿಗೆ ಕಾಣದಂತೆ ದೇಹದಿಂದ ಕಳೆದುಹೋಗುವ ಭಾರವೆಷ್ಟೆಂದು ಲೆಕ್ಕವಿಟ್ಟು, 1614ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ನಾಡಿಯ ಲೆಕ್ಕ, ಆಹಾರದ ಲೆಕ್ಕ ಎರಡೂ ಒಬ್ಬನ ಕೈಯಲ್ಲೇ ಇದ್ದವು. ಆದರೆ ಅವೆರಡನ್ನೂ ಬೆಸೆಯುವ ಕೊಂಡಿ ಆಗ ಯಾರಿಗೂ ತಿಳಿದಿರಲಿಲ್ಲ.

ಆ ಕೊಂಡಿಯೇ ಪ್ರಾಣವಾಯು, ಅಂದರೆ ಆಮ್ಲಜನಕ. ಫ್ರಾನ್ಸಿನ ಲವಾಸಿಯೇ ಎಂಬ ರಸಾಯನಶಾಸ್ತ್ರಜ್ಞನು ಗಣಿತಜ್ಞ ಲಾಪ್ಲಾಸನೊಡನೆ ಸೇರಿ 1780ರ ದಶಕದಲ್ಲಿ, ಸಣ್ಣ ಪ್ರಾಣಿಯೊಂದನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇರಿಸಿ, ಅದರ ಮೈಕಾವಿನಿಂದ ಎಷ್ಟು ಮಂಜು ಕರಗಿತೆಂದು ಅಳೆದನು. ಉಸಿರಾಟವು ನಿಧಾನವಾದ ಒಂದು ದಹನವೆಂಬುದು ಅವನ ಸಿದ್ಧಾಂತ. ಮುಂದೆ ಸೆಗ್ವೆನ್ ಎಂಬ ಸಹೋದ್ಯೋಗಿಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮನುಷ್ಯನು ಭಾರವೆತ್ತುವ ಕೆಲಸ ಮಾಡುವಾಗ ವಿಶ್ರಾಂತಿಯಲ್ಲಿರುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಬಳಸುತ್ತಾನೆಂಬುದು ಸ್ಥಿರಪಟ್ಟಿತು.

‘ಕ್ಯಾಲೊರಿ’ ಎಂಬ ಶಬ್ದಕ್ಕೆ ಮೂಲವು ಉಷ್ಣವೆಂಬ ಅರ್ಥದ ಲ್ಯಾಟಿನ್ ಪದ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾಗುವ ಉಷ್ಣವನ್ನು ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎನ್ನುತ್ತಾರೆ. ಶಾಸ್ತ್ರಶುದ್ಧವಾಗಿ ಅದು ಕಿಲೋಕ್ಯಾಲೊರಿ. ಒಂದು ಲೀಟರ್ ಆಮ್ಲಜನಕವನ್ನು ದೇಹವು ಬಳಸಿದರೆ ಹೆಚ್ಚುಕಡಿಮೆ ಐದು ಕ್ಯಾಲೊರಿ ಉಷ್ಣ ಹುಟ್ಟುತ್ತದೆ. ಆದುದರಿಂದ ಉಷ್ಣವ್ಯಯವನ್ನು ಬಲ್ಲವರು ಅಳೆಯುವುದು ಉಸಿರನ್ನು. ಮುಖಕ್ಕೆ ಮುಸುಕು ತೊಡಿಸಿ, ಒಳಹೋದ ಮತ್ತು ಹೊರಬಂದ ಗಾಳಿಯಲ್ಲಿರುವ ಆಮ್ಲಜನಕದ ವ್ಯತ್ಯಾಸವನ್ನು ಕಂಡುಹಿಡಿಯುತ್ತಾರೆ. ಆದರೆ ಇಂತಹ ಸಲಕರಣೆಯನ್ನು ಹೊತ್ತು ಯಾರು ತಾನೆ ಬೀದಿಯಲ್ಲಿ ದಿನವೂ ನಡೆದಾರು? ಅದಕ್ಕಾಗಿ ನಾಡಿಯನ್ನು ಆಶ್ರಯಿಸಬೇಕಾಯಿತು.

ನಾಡಿಯಿಂದ ಉಸಿರಿಗೆ

ಆ ಆಮ್ಲಜನಕವನ್ನು ಸ್ನಾಯುಗಳಿಗೆ ಹೊತ್ತೊಯ್ಯುವುದು ರಕ್ತ. ರಕ್ತವನ್ನು ನೂಕುವುದು ಹೃದಯ. ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲಿ ಹೇಳಿದ ತತ್ತ್ವದಂತೆ, ದೇಹವು ಬಳಸುವ ಆಮ್ಲಜನಕವು ಹೃದಯವು ನೂಕುವ ರಕ್ತದ ಪ್ರಮಾಣವನ್ನೂ, ಆ ರಕ್ತದಿಂದ ಅಂಗಾಂಗಗಳು ಹೀರಿಕೊಳ್ಳುವ ಆಮ್ಲಜನಕದ ಅಂಶವನ್ನೂ ಗುಣಿಸಿದಷ್ಟಾಗುತ್ತದೆ. ಹೃದಯ ನೂಕುವ ರಕ್ತವಾದರೋ ಮಿಡಿತಗಳ ಸಂಖ್ಯೆ, ಒಂದೊಂದು ಮಿಡಿತಕ್ಕೆ ಹೊರಡುವ ರಕ್ತ, ಇವೆರಡರ ಗುಣಲಬ್ಧ. ನಿಮಿಷಕ್ಕೆ 70 ಮಿಡಿತ, ಮಿಡಿತಕ್ಕೆ 70 ಮಿಲಿಲೀಟರ್ ರಕ್ತವೆಂದರೆ ಸುಮಾರು ಐದು ಲೀಟರ್ ಆಯಿತು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದದ್ದು: ಗುಣಿಸಬೇಕಾದ ಅಂಶಗಳು ಮೂರು, ಮಾಪಕಕ್ಕೆ ಗೋಚರಿಸುವುದು ಮೊದಲನೆಯದೊಂದೇ.

ಆ ಒಂದನ್ನು ಹಿಡಿಯುವುದರಲ್ಲಿ ಯಂತ್ರವು ಬಹಳ ಪಳಗಿದೆ. ಹೃದಯದ ಪ್ರತಿ ಮಿಡಿತದೊಡನೆ ಒಂದು ಸೂಕ್ಷ್ಮ ವಿದ್ಯುತ್ಸಂಚಾರ ಉಂಟಾಗುತ್ತದೆ. ಎದೆಯ ಪಟ್ಟಿ ಅದನ್ನು ಚರ್ಮದ ಮೇಲೆಯೇ ಗ್ರಹಿಸಿ ಗಡಿಯಾರಕ್ಕೆ ನಿಸ್ತಂತುವಾಗಿ ಕಳಿಸುತ್ತದೆ. ಫಿನ್ಲೆಂಡ್ ದೇಶದಲ್ಲಿ 1977ರಲ್ಲಿ ಸ್ಥಾಪಿತವಾದ ಪೋಲಾರ್ ಎಂಬ ಸಂಸ್ಥೆಯು 1982ರಲ್ಲಿ ಇಂತಹ ನಿಸ್ತಂತು ಮಾಪಕವನ್ನು ಕ್ರೀಡಾಪಟುಗಳ ಬಳಕೆಗೆ ತಂದಿತು. ಈಚಿನ ಕೈಗಡಿಯಾರಗಳಲ್ಲಿ ಪಟ್ಟಿಯಿಲ್ಲದೆಯೇ ಹಸಿರು ಬೆಳಕನ್ನು ಚರ್ಮದೊಳಕ್ಕೆ ಬೀರಿ, ರಕ್ತ ಉಕ್ಕಿದಾಗ ಹೆಚ್ಚು ಬೆಳಕು ಹೀರಲ್ಪಡುವುದನ್ನು ನೋಡಿ ಮಿಡಿತವನ್ನೆಣಿಸುವ ಏರ್ಪಾಡಿದೆ. ಗಡಿಯಾರ ಸಡಿಲವಾಗಿದ್ದರೆ ಅಥವಾ ಕೈ ಬಹಳ ಅಲುಗಾಡಿದರೆ ಇದು ತಪ್ಪಬಹುದು. ಒದ್ದೆಮಾಡಿ ಬಿಗಿಯಾಗಿ ಕಟ್ಟಿದ ಎದೆಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ.

ಸೂತ್ರವೂ ಅದರ ಸೋಲೂ

ಮಿಡಿತದಿಂದ ಕ್ಯಾಲೊರಿಗೆ ಹೋಗಲು ಹಲವು ಸೂತ್ರಗಳುಂಟು. ದಕ್ಷಿಣ ಆಫ್ರಿಕದ ವಿದ್ವಾಂಸರು ನಿಯಮಿತವಾಗಿ ವ್ಯಾಯಾಮ ಮಾಡುವ, 18ರಿಂದ 45 ವರ್ಷದ 115 ಮಂದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಸೂತ್ರವು ಪ್ರಸಿದ್ಧವಾದದ್ದು. ಪುರುಷರಿಗೆ ಅದು ಹೀಗಿದೆ: ನಿಮಿಷದ ಮಿಡಿತವನ್ನು 0.6309ರಿಂದಲೂ, ಕಿಲೋಗ್ರಾಂ ಲೆಕ್ಕದ ತೂಕವನ್ನು 0.1988ರಿಂದಲೂ, ವಯಸ್ಸನ್ನು 0.2017ರಿಂದಲೂ ಗುಣಿಸಿ, ಮೂರನ್ನೂ ಕೂಡಿಸಿ, 55.0969ನ್ನು ಕಳೆಯಬೇಕು. ಬಂದದ್ದು ನಿಮಿಷಕ್ಕೆ ಇಷ್ಟು ಕಿಲೋಜೂಲ್ ಎಂದು. ಅದನ್ನು 4.184ರಿಂದ ಭಾಗಿಸಿದರೆ ಕ್ಯಾಲೊರಿ. ಸ್ತ್ರೀಯರಿಗೆ ಬೇರೆ ಅಂಕಿಗಳಿವೆ.

ನಲವತ್ತು ವರ್ಷದ, 60 ಕಿಲೋ ತೂಕದ ಒಬ್ಬನು ಓಡುತ್ತಿದ್ದಾನೆ. ಮಿಡಿತ 120 ಎಂದಿಟ್ಟುಕೊಳ್ಳೋಣ. 75.71, 11.93, 8.07 ಕೂಡಿ 95.71, ಅದರಲ್ಲಿ 55.10 ಕಳೆದರೆ 40.61 ಕಿಲೋಜೂಲ್; ಎಂದರೆ ನಿಮಿಷಕ್ಕೆ 9.7 ಕ್ಯಾಲೊರಿ. ಓಟಗಾರನಿಗೆ ಇದು ಒಪ್ಪತಕ್ಕ ಸಂಖ್ಯೆ.

ಈಗ ಅದೇ ಮನುಷ್ಯನು ಓಡದೆ ಕುಳಿತಿರಲಿ; ಮಿಡಿತ 70 ಇರಲಿ. ಸೂತ್ರವು 2.2 ಕ್ಯಾಲೊರಿ ಎನ್ನುತ್ತದೆ. ಆದರೆ ವಿಶ್ರಾಂತಿಯಲ್ಲಿ ದೇಹದ ವ್ಯಯವು ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ಅವನಿಗೆ ನಿಮಿಷಕ್ಕೆ ಒಂದೇ ಕ್ಯಾಲೊರಿ ಸಲ್ಲಬೇಕು. ಲೆಕ್ಕ ಇಮ್ಮಡಿಯಾಯಿತು. ಇನ್ನು ಅವನು ಭೀತನಾಗಿ ಕುಳಿತು, ಮಿಡಿತ 100ಕ್ಕೆ ಏರಿದರೆ ಸೂತ್ರವು 6.7 ಕ್ಯಾಲೊರಿ ಎನ್ನುತ್ತದೆ! ಗಂಟೆಗೆ ನಾನೂರು. ಬೆಂಚಿನ ಮೇಲೆ ಕುಳಿತ ನನಗೆ ಆದದ್ದೂ ಇದೇ ಬಗೆಯ ಮೋಸ. ಸೂತ್ರವನ್ನು ದೂರಲಾಗದು, ಅದನ್ನು ರಚಿಸಿದವರು ವ್ಯಾಯಾಮದಲ್ಲಿ ತೊಡಗಿದವರಿಗೆಂದು ರಚಿಸಿದರು. ಸ್ಥಳ ತಪ್ಪಿಸಿ ಬಳಸಿದ್ದು ನಾವು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿನ ಏಳು ಮಾಪಕಗಳನ್ನು 60 ಮಂದಿಗೆ ಕಟ್ಟಿಸಿ ನೋಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಹೇಳುತ್ತದೆ. ಏಳರಲ್ಲಿ ಆರು ಮಾಪಕಗಳು ಮಿಡಿತವನ್ನು ಶೇಕಡ 5ರೊಳಗಿನ ತಪ್ಪಿನಿಂದ ಎಣಿಸಿದವು. ಉಷ್ಣವ್ಯಯದಲ್ಲಾದರೋ ಅತ್ಯುತ್ತಮವಾದದ್ದೂ ಸರಾಸರಿ ಶೇಕಡ 27ರಷ್ಟು ತಪ್ಪಿತು. ಅತಿ ಹೀನವಾದದ್ದರ ತಪ್ಪು ಶೇಕಡ 93.

ಪ್ರತ್ಯಕ್ಷ, ಅನುಮಾನ, ಉಪಾಧಿ

ಒಂದೇ ಗಡಿಯಾರ ಒಂದು ಸಂಖ್ಯೆಯಲ್ಲಿ ಪ್ರಾಮಾಣಿಕ, ಇನ್ನೊಂದರಲ್ಲಿ ಅವಿಶ್ವಾಸಾರ್ಹವಾಗುವುದು ಹೇಗೆ? ತರ್ಕಶಾಸ್ತ್ರದ ಪ್ರಥಮ ಪಾಠಗಳನ್ನು ಓದಿದವರಿಗೆ ಇದು ಬೇಗನೆ ಹೊಳೆಯುತ್ತದೆ. ಮಿಡಿತದ ಸಂಖ್ಯೆ ಪ್ರತ್ಯಕ್ಷದಂತೆ. ಕ್ಯಾಲೊರಿಯ ಸಂಖ್ಯೆ ಅನುಮಾನ.

ಹೊಗೆ ಇರುವಲ್ಲಿ ಬೆಂಕಿ ಇದೆ ಎಂಬುದು ಸರಿಯಾದ ವ್ಯಾಪ್ತಿ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಅದನ್ನೇ ತಿರುಗಿಸಿ, ಬೆಂಕಿ ಇರುವಲ್ಲೆಲ್ಲ ಹೊಗೆ ಇದೆ ಎಂದರೆ ತಪ್ಪಾಗುತ್ತದೆ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯೊಡನೆ ಹಸಿ ಕಟ್ಟಿಗೆಯೂ ಸೇರಿದಾಗ ಮಾತ್ರ ಹೊಗೆ. ಈ ಹಸಿ ಕಟ್ಟಿಗೆಯಂತಹ ನಿಯಮವನ್ನು ತಾರ್ಕಿಕರು ಉಪಾಧಿ ಎಂದು ಕರೆಯುತ್ತಾರೆ. ಉಪಾಧಿಯನ್ನು ಮರೆತ ಹೇತುವು ಸಾಧ್ಯವಿಲ್ಲದ ಕಡೆಯೂ ಕಾಣಿಸಿಕೊಂಡು ವ್ಯಭಿಚರಿಸುತ್ತದೆ.

‘ಮಿಡಿತ ಏರಿದೆ, ಆದ್ದರಿಂದ ಉಷ್ಣವ್ಯಯ ಏರಿದೆ’ ಎಂಬ ಅನುಮಾನದಲ್ಲಿ ಹಸಿ ಕಟ್ಟಿಗೆಯ ಸ್ಥಾನದಲ್ಲಿರುವುದು ಕಾಲು ತೊಡೆಗಳಂತಹ ದೊಡ್ಡ ಸ್ನಾಯುಗಳ ಎಡೆಬಿಡದ ಚಲನೆ. ಅದು ಇದ್ದಾಗ, ಅಂದರೆ ನಡಿಗೆ, ಓಟ, ಸೈಕಲ್ ಸವಾರಿಗಳಲ್ಲಿ, ಮಿಡಿತವೂ ಆಮ್ಲಜನಕದ ಬಳಕೆಯೂ ಜೊತೆಜೊತೆಯಾಗಿ ಏರುತ್ತವೆ. ಅದು ಇಲ್ಲದೆಯೂ ಮಿಡಿತ ಏರುವ ಸಂದರ್ಭಗಳು ಅನೇಕ: ಭಯ, ಕೋಪ, ಪರೀಕ್ಷೆಯ ಆತಂಕ, ಗಟ್ಟಿ ಕಾಫಿ. ವೈಶಾಖದ ಬಿಸಿಲಿನಲ್ಲಿ ಬೆವರು ಸುರಿದು ನೀರಿನಂಶ ಕಡಮೆಯಾದರೆ, ಅದೇ ವೇಗದಲ್ಲಿ ನಡೆಯುತ್ತಿದ್ದರೂ ಮಿಡಿತ ಮಾತ್ರ ಮೇಲೇರುತ್ತ ಹೋಗುತ್ತದೆ. ಕೈಗಳಿಂದಲೇ ಮಾಡುವ ಕೆಲಸದಲ್ಲಿ, ಅಷ್ಟೇ ಆಮ್ಲಜನಕ ಬಳಸುವ ಕಾಲಿನ ಕೆಲಸಕ್ಕಿಂತ ಹೃದಯ ಹೆಚ್ಚು ಬಡಿಯುತ್ತದೆ.

ಇದಕ್ಕೆ ವಿಪರೀತವಾದದ್ದೂ ಉಂಟು. ನಮ್ಮ ನಡಿಗೆಯ ಜೊತೆಗಾರರಾದ ನಿವೃತ್ತ ಶಿಕ್ಷಕರೊಬ್ಬರು ರಕ್ತದೊತ್ತಡಕ್ಕಾಗಿ ಮಿಡಿತವನ್ನು ತಗ್ಗಿಸುವ ಮಾತ್ರೆಯನ್ನು ಸೇವಿಸುತ್ತಿದ್ದರು. ನನ್ನ ಸರಿಸಮಾನವಾಗಿ ನಡೆದರೂ ಅವರ ಮಾಪಕವು ನನ್ನದರ ಅರ್ಧದಷ್ಟನ್ನೇ ತೋರಿಸುತ್ತಿತ್ತು. ‘ಪಂಡಿತರೇ, ನನ್ನ ದೇಹವೇ ಕೆಟ್ಟಿದೆ, ನಡೆದು ಫಲವಿಲ್ಲ’ ಎಂದು ಅವರು ನಡಿಗೆಯನ್ನೇ ಬಿಟ್ಟಿದ್ದರು. ಮಾತ್ರೆಯ ಕಾರಣವನ್ನು ಅವರ ವೈದ್ಯರಿಂದಲೇ ಕೇಳಿ ತಿಳಿದ ಮೇಲೆ ಮತ್ತೆ ಬರತೊಡಗಿದರು. ನನಗೆ ಆ ಸಂಖ್ಯೆ ಹೆಚ್ಚು ಉಣ್ಣಿಸಿತು. ಅವರನ್ನು ಮನೆಯಲ್ಲಿ ಕೂರಿಸಿತು. ಅನುಮಾನವನ್ನು ಪ್ರತ್ಯಕ್ಷವೆಂದು ಬಗೆದರೆ ಆಗುವ ಕೇಡು ಇಂತಹದು.

ಮತ್ತೊಂದು ಸೋಜಿಗವನ್ನು ಹೇಳಲೇಬೇಕು. ತಿಂಗಳುಗಟ್ಟಲೆ ನಡೆದು ಅಭ್ಯಾಸವಾದವನ ಹೃದಯವು ಒಂದೊಂದು ಮಿಡಿತಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಮಿಡಿತಕ್ಕೆ 100 ಮಿಲಿಲೀಟರ್ ನೂಕಬಲ್ಲ ಹೃದಯಕ್ಕೆ ಐದು ಲೀಟರಿಗೆ 50 ಮಿಡಿತ ಸಾಕು. ಆಗ ಅದೇ ದಾರಿಯನ್ನು ಅದೇ ವೇಗದಲ್ಲಿ ನಡೆದರೂ ಮಿಡಿತ ತಗ್ಗಿ, ಯಂತ್ರ ತೋರಿಸುವ ಕ್ಯಾಲೊರಿಯೂ ತಗ್ಗುತ್ತದೆ. ವ್ಯಯವು ಬಹುಮಟ್ಟಿಗೆ ಮೊದಲಿನಷ್ಟೇ ಇರುತ್ತದೆ, ಹೃದಯ ಬಲಗೊಂಡಿರುತ್ತದೆ. ಸಂಖ್ಯೆ ಇಳಿಯಿತೆಂದು ಮರುಗುವವನು ತನ್ನ ಗೆಲುವನ್ನೇ ಸೋಲೆಂದು ಓದುತ್ತಿರುತ್ತಾನೆ.

ಬಳಕೆಯ ಕ್ರಮ

ಹಾಗಾದರೆ ಮಾಪಕವನ್ನು ಎಸೆದುಬಿಡಬೇಕೆ? ಬೇಡ. ಉಪಾಧಿಯನ್ನು ಅರಿತು ಬಳಸಿದರೆ ಅದು ಒಳ್ಳೆಯ ಸಂಗಾತಿ. ನಾನು ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ.

ಒಂದನೆಯದು: ವಯಸ್ಸು, ತೂಕಗಳನ್ನು ಯಂತ್ರಕ್ಕೆ ಸತ್ಯವಾಗಿ ತಿಳಿಸಬೇಕು, ತೂಕ ಬದಲಾದಾಗ ತಿದ್ದಬೇಕು.

ಎರಡನೆಯದು: ನಡಿಗೆ ತೊಡಗಿದಾಗ ಲೆಕ್ಕವನ್ನು ಆರಂಭಿಸಿ, ನಿಂತೊಡನೆ ನಿಲ್ಲಿಸಬೇಕು. ಪರಿಚಿತರೊಡನೆ ಹರಟೆಗೆ ನಿಂತ ಹೊತ್ತು ಲೆಕ್ಕಕ್ಕೆ ಸೇರಕೂಡದು.

ಮೂರನೆಯದು: ತೋರಿದ ಸಂಖ್ಯೆಯಲ್ಲಿ ಸಾಮಾನ್ಯವಾಗಿ ವಿಶ್ರಾಂತಿಯ ವ್ಯಯವೂ ಸೇರಿರುತ್ತದೆ, ಅದನ್ನು ಕಳೆಯಬೇಕು. ನನ್ನ ತೂಕ 68 ಕಿಲೋ. ಮುಕ್ಕಾಲು ಗಂಟೆಗೆ 51 ಕ್ಯಾಲೊರಿ ನಾನು ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿತ್ತು. ನನ್ನಂತಹವನ ಸಾಧಾರಣ ನಡಿಗೆಯ ವ್ಯಯವು ವಿಶ್ರಾಂತಿಯ ಮೂರೂವರೆಯಿಂದ ನಾಲ್ಕು ಪಟ್ಟು. ಆ ಲೆಕ್ಕದಲ್ಲಿ ನಡಿಗೆಯಿಂದ ಹೆಚ್ಚಾಗಿ ಖರ್ಚಾಗುತ್ತಿದ್ದದ್ದು 130ರಿಂದ 150 ಕ್ಯಾಲೊರಿ. ನಾನು 340 ಎಂದು ನಂಬಿ ಉಣ್ಣುತ್ತಿದ್ದೆ! ತೂಕ ಏರಿದ್ದರಲ್ಲಿ ಆಶ್ಚರ್ಯವೇನು?

ನಾಲ್ಕನೆಯದು: ನನ್ನ ಸಂಖ್ಯೆಯನ್ನು ನನ್ನ ಹಿಂದಿನ ಸಂಖ್ಯೆಯೊಡನೆಯೇ ಹೋಲಿಸಬೇಕು, ನೆರೆಯವರ ಸಂಖ್ಯೆಯೊಡನೆ ಹೋಲಿಸಬಾರದು. ಒಂದೇ ದಾರಿ, ಒಂದೇ ವೇಗ, ಬೆಳಗಿನ ತಂಪು ಹೊತ್ತು ಇದ್ದರೆ ಹೋಲಿಕೆ ಸಾಧುವಾಗುತ್ತದೆ.

ಐದನೆಯದು: ಹೆಚ್ಚಿನ ನಿಖರತೆ ಬೇಕಾದವರಿಗೆ ಪ್ರಯೋಗಶಾಲೆಯ ಮಾರ್ಗವಿದೆ. ಅಲ್ಲಿ ಉಸಿರಿನ ಮುಸುಕು ತೊಡಿಸಿ, ಬೇರೆ ಬೇರೆ ವೇಗಗಳಲ್ಲಿ ನಡೆಸಿ, ಮಿಡಿತಕ್ಕೂ ಆಮ್ಲಜನಕಕ್ಕೂ ಇರುವ ಸಂಬಂಧವನ್ನು ಆ ಒಬ್ಬ ವ್ಯಕ್ತಿಗೇ ಗೆರೆಯೆಳೆದು ಗುರುತಿಸುತ್ತಾರೆ. ಒಂದು ಮಿತಿಗಿಂತ ಕೆಳಗಿನ ಮಿಡಿತವನ್ನು ಲೆಕ್ಕಕ್ಕೆ ಹಿಡಿಯದೆ, ಅಲ್ಲಿ ವಿಶ್ರಾಂತಿಯ ವ್ಯಯವನ್ನೇ ಸೇರಿಸುತ್ತಾರೆ. ಸರ್ವಸಾಮಾನ್ಯ ಸೂತ್ರಕ್ಕಿಂತ ಇದು ಮೇಲು.

ಆರನೆಯದು: ತಿಂಗಳಿಗೆರಡು ಬಾರಿ ತಕ್ಕಡಿಯ ಸಾಕ್ಷ್ಯವನ್ನು ಕೇಳಬೇಕು. ಸಾಂಟೋರಿಯೊ ಕುಳಿತ ಕುರ್ಚಿಯ ಮಾತು ಇಂದಿಗೂ ಸುಳ್ಳಾಗಿಲ್ಲ. ಯಂತ್ರವು ಖರ್ಚಾಯಿತೆಂದರೂ ತೂಕವು ಇಳಿಯದಿದ್ದರೆ ಅನುಮಾನದಲ್ಲಿ ದೋಷವಿದೆಯೆಂದು ತಿಳಿಯಬೇಕು. ಎದೆಯಲ್ಲಿ ನೋವು, ತಲೆಸುತ್ತು ಕಂಡರೆ ಯಾವ ಸಂಖ್ಯೆಯನ್ನೂ ನೋಡದೆ ವೈದ್ಯರನ್ನು ಕಾಣಬೇಕು.

ಉಪಸಂಹಾರ

ಈ ಕ್ರಮದಿಂದ ಆರು ತಿಂಗಳಲ್ಲಿ ನನ್ನ ತೂಕ ಮೂರು ಕಿಲೋ ಇಳಿಯಿತು. ಹೆಚ್ಚಿನ ರೊಟ್ಟಿಯನ್ನು ಬಿಟ್ಟದ್ದೇ ಅದಕ್ಕೆ ಮುಖ್ಯ ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಅಣ್ಣನವರೂ ಈಗ ವೈದ್ಯರ ಅನುಮತಿಯಂತೆ ನನ್ನೊಡನೆ ನಿಧಾನವಾಗಿ ನಡೆಯುತ್ತಾರೆ. ಆಸ್ಪತ್ರೆಯ ಆ ಸಂಜೆಯ ಲೆಕ್ಕವನ್ನು ನಾನು ಗಡಿಯಾರದಿಂದ ಅಳಿಸಿಲ್ಲ. ಕ್ಯಾಲೊರಿಯ ಲೆಕ್ಕವಾಗಿ ಅದು ಸುಳ್ಳು. ಆದರೆ ಆ ಎಪ್ಪತ್ತು ನಿಮಿಷ ನನ್ನ ಹೃದಯ ಹೇಗೆ ಬಡಿದುಕೊಂಡಿತೆಂಬ ವರದಿಯಾಗಿ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ಮಾಡಿನೋಡಬಹುದು. ಅದಕ್ಕೆ ಯಾವ ಯಂತ್ರವೂ ಬೇಡ. ಬೆಳಗ್ಗೆ ಎದ್ದೊಡನೆ ಕೈಯ ನಾಡಿಯನ್ನು ಹಿಡಿದು ಒಂದು ನಿಮಿಷ ಎಣಿಸಿ ಬರೆದಿಡಿ. ಆಟದ ಬಯಲಿನಲ್ಲಿ ಒಂದು ಸುತ್ತು ಓಡಿ ಮತ್ತೆ ಎಣಿಸಿ. ಪರೀಕ್ಷೆಯ ದಿನ ಪ್ರಶ್ನಪತ್ರಿಕೆ ಕೈಗೆ ಬರುವ ಮುನ್ನ, ಬೆಂಚಿನ ಮೇಲೆ ಕುಳಿತಂತೆಯೇ ಇನ್ನೊಮ್ಮೆ ಎಣಿಸಿ. ಮೂರು ಸಂಖ್ಯೆಗಳನ್ನೂ ಎದುರಿಗಿಟ್ಟುಕೊಂಡು, ಯಾವುದು ದುಡಿಮೆಯ ಮಿಡಿತ, ಯಾವುದು ದುಗುಡದ ಮಿಡಿತ ಎಂದು ಸಂಖ್ಯೆಯನ್ನು ಮಾತ್ರ ನೋಡಿ ಹೇಳಲು ಸಾಧ್ಯವೇ ಎಂದು ವಿಚಾರಮಾಡಿ. ಸಾಧ್ಯವಿಲ್ಲವೆಂದು ನಿಮಗೇ ತಿಳಿದ ದಿನ ಈ ಪಾಠ ನಿಮಗೆ ಕರಗತವಾಯಿತೆಂದು ನಾನು ಭಾವಿಸುತ್ತೇನೆ.